ಮೆಟ್ಟಿಲಿನ ಒಂದೂವರೆ ಅಡಿ

ಆಕೆಯ ಬಲಗಾಲಿನ ಹೆಬ್ಬೆರಳು ಚಮಚದಂತೆ ಚಪ್ಪಟೆಯಾಗಿತ್ತು. ಐವತ್ತು ವರ್ಷ ಆ ಬೆರಳಿನಿಂದಲೇ ಈಳಿಗೆಮಣೆಯನ್ನು ಒತ್ತಿ ಹಿಡಿದು ಕೂತದ್ದರ ಫಲ ಅದು. ಬೆಳಿಗ್ಗೆ ಅಂಗಳದ ನಡುವೆ ಒಂದು ಮೊಣಕಾಲು ಎತ್ತಿ ಕೂತಳೆಂದರೆ ಮೀನು, ಕುಂಬಳಕಾಯಿ, ಬಾಳೆದಿಂಡು ಎಲ್ಲವೂ ಅಲ್ಲೇ ತುಂಡಾಗಬೇಕು. ಬಂದವರ ಮಾತೂ ಅಲ್ಲೇ ತುಂಡಾಗಬೇಕು. ಯಾರು ಬಂದರೂ ಏಳುತ್ತಿರಲಿಲ್ಲ. ವಾರ್ಡಿನ ಮುಖಂಡ ವೋಟು ಕೇಳಲು ಬಂದಾಗಲೂ ತಲೆ ಎತ್ತದೆ, ಕೈಯಲ್ಲಿದ್ದ ಮೀನಿನ ತಲೆಗೆ ಹೇಳುವಂತೆ, ಮೊದಲು ಚರಂಡಿ ತೆಗೆಸು ಎಂದಿದ್ದಳು.

ವಿಧವೆ ಮೀನು ತಿನ್ನುತ್ತಾಳೆಂದು ಓಣಿಯ ಹೆಂಗಸರು ಗುಸುಗುಸು ಮಾಡುತ್ತಿದ್ದರು. ಗಂಡ ಸತ್ತದ್ದರಲ್ಲಿ ಮೀನಿನ ತಪ್ಪೇನು ಎಂದು ಆಕೆ ಎದುರಿಗೇ ಕೇಳುತ್ತಿದ್ದಳು.

ಆಕೆ ನಮ್ಮ ಮನೆಯೊಡತಿ. ಕೊಲ್ಕತ್ತಾದ ಗರಿಯಾಹಾಟಿನ ಹಿಂದಿನ ಓಣಿಯಲ್ಲಿ ಮೂರಂತಸ್ತಿನ ಹಳೆಯ ಮನೆ. ಕೆಳಗಿನ ಎರಡು ಕೋಣೆಗಳಲ್ಲಿ ನಾವು ಮೂವತ್ತೊಂದು ವರ್ಷ ಬಾಡಿಗೆಗೆ ಇದ್ದೆವು. ನಮ್ಮವರು ರೈಲ್ವೆಯಲ್ಲಿ ಗುಮಾಸ್ತರು. ಗದಗಿನಿಂದ ನನ್ನನ್ನು ನೇರವಾಗಿ ಆ ಅಂಗಳಕ್ಕೇ ತಂದು ಇಳಿಸಿದ್ದರು. ಮಗಳು ಊರಂಚಿನ ಜೋಕಾಕ್ಕೆ ಮದುವೆಯಾಗಿ ಹೋದಳು, ನಮ್ಮವರು ನಿವೃತ್ತರಾದರು, ನಾವು ಅಲ್ಲೇ ಉಳಿದೆವು. ಓಣಿಯವರೆಲ್ಲ ಆಕೆಯನ್ನು ಮಾಶಿಮಾ ಎನ್ನುತ್ತಿದ್ದರು, ನಮ್ಮ ಚಿಗವ್ವ ಇದ್ದಂತೆ. ನಾನೂ ಹಾಗೇ ಕರೆದೆ. ಆಕೆ ನನ್ನನ್ನು ಬೌಮಾ ಎನ್ನುತ್ತಿದ್ದಳು, ಅಂದರೆ ಸೊಸೆ. ಕರೆಯುವುದರಲ್ಲಿ ಇದ್ದ ಪ್ರೀತಿ ನಡತೆಯಲ್ಲಿ ಇತ್ತೆಂದು ಯಾರೂ ತಿಳಿಯಬೇಡಿ. ನಾನು ಬಟ್ಟೆಗೆ ಸೋಪು ಹಚ್ಚಿದ ಹೊತ್ತಿಗೇ ನಲ್ಲಿ ಬಂದ್ ಮಾಡುತ್ತಿದ್ದಳು. ಮಾಳಿಗೆಯ ಮೇಲೆ ನಾನು ಹಾಕಿದ ಸಂಡಿಗೆಯನ್ನು ಕಾಗೆ ಕೂರುವ ಮೂಲೆಗೆ ಸರಿಸಿ, ಬಿಸಿಲು ಬೀಳುವ ಜಾಗದಲ್ಲಿ ತನ್ನ ಉಪ್ಪಿನಕಾಯಿ ಭರಣಿ ಇಡುತ್ತಿದ್ದಳು. ನಮ್ಮನ್ನು ಹತ್ತು ವರ್ಷ ಮದ್ರಾಜಿ ಎಂದಳು. ದಕ್ಷಿಣದವರೆಲ್ಲ ಮದ್ರಾಸಿನವರಾದರೆ ಪೂರ್ವದ ನಿಮ್ಮ ತವರು ಬರ್ಮಾದಲ್ಲೇ ಅಲ್ಲವೇ ಎಂದು ನಾನು ಕೇಳಿದ ದಿನ ಅದನ್ನು ನಿಲ್ಲಿಸಿದಳು. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಆಕೆಗೂ ಅಷ್ಟೇ.

ಆಕೆ ಆಡುತ್ತಿದ್ದದ್ದು ಬಂಗಾಳಿ. ನನ್ನ ಕಿವಿಯಲ್ಲಿ ಮಾತ್ರ ಅದು ನಮ್ಮ ಗದಗಿನ ಮಾತಾಗಿಯೇ ಉಳಿದಿದೆ. ಹಾಗೇ ಬರೆಯುತ್ತೇನೆ.

ಸಾಲ್ಟ್ ಲೇಕಿನ ಕಡೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿ ಗಾಜು ಎದ್ದರೆ ಇಲ್ಲಿ ನಮ್ಮ ಓಣಿಯ ಗಂಡಸರ ನಾಲಿಗೆ ಎದ್ದಿತು. ಪ್ರತಿ ಮನೆಯ ಮುಂದೆ ಒಂದು ಜಗಲಿ, ಪ್ರತಿ ಜಗಲಿಯ ಮೇಲೆ ನಾಲ್ಕು ಮಂದಿ, ಪ್ರತಿಯೊಬ್ಬರಿಗೂ ಊರು ಹೇಗೆ ಬೆಳೆಯಬೇಕೆಂಬ ಅಭಿಪ್ರಾಯ. ನಲ್ಲಿಯಲ್ಲಿ ನೀರು ಬಾರದ ದಿನವೂ ಅಭಿಪ್ರಾಯಕ್ಕೆ ಕೊರತೆ ಇರಲಿಲ್ಲ. ಮನೆಯಲ್ಲಿ ಒಂದು ಬಲ್ಬು ಬದಲಿಸದ ಗಂಡಸು ಇಡೀ ಕೊಲ್ಕತ್ತಾವನ್ನು ಬದಲಿಸಲು ಕೂತಿರುತ್ತಿದ್ದ.

ಇವರಲ್ಲೆಲ್ಲ ದೊಡ್ಡವನು ಮಾಶಿಮಾಳ ಮೈದುನ. ಕಾಲೇಜಿನಲ್ಲಿ ಕಲಿಸಿ ನಿವೃತ್ತನಾದವನು. ಹಳೆಯ ಮನೆಗಳನ್ನು ಕೆಡವುವುದೆಂದರೆ ಊರಿನ ಆತ್ಮವನ್ನೇ ಕೆಡವಿದಂತೆ ಎಂದು ದಿನಾ ಸಂಜೆ ಭಾಷಣ ಮಾಡುತ್ತಿದ್ದ. ಹಳೆಯ ಮನೆ ಕೆಡವಿ ಫ್ಲಾಟು ಕಟ್ಟುವವನಿಗೆ ಈ ಊರಿನಲ್ಲಿ ಪ್ರೊಮೋಟರ್ ಎನ್ನುತ್ತಾರೆ. ಅಂಥವನೊಬ್ಬ ನಮ್ಮ ಮನೆಗೂ ಬಂದ. ದಕ್ಷಿಣದ ಗಾಳಿ ಬರುವ ಫ್ಲಾಟು ಕೊಡುತ್ತೇನೆ ಎಂದ. ಆತ್ಮ ಆ ಸಂಜೆಯೇ ಸಹಿ ಹಾಕಿತು.

ಮನೆಯಲ್ಲಿ ಮೂರು ಪಾಲು. ಒಂದು ಮೈದುನನದು. ಇನ್ನೊಂದು, ತೀರಿಹೋದ ಭಾವನ ಮಗನದು. ಈ ಭಾವನ ಮಗ ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ, ಕೊರಳಲ್ಲಿ ಆಫೀಸಿನ ಚೀಟಿ ನೇತುಹಾಕಿಕೊಂಡೇ ಮೀನು ತರಲು ಹೋಗುತ್ತಿದ್ದ. ಅವನಿಗೆ ಫ್ಲಾಟಿಗಿಂತ ಹೆಚ್ಚಾಗಿ ಕೆಳಗೆ ಕಾರು ನಿಲ್ಲಿಸುವ ಜಾಗ ಬೇಕಿತ್ತು. ಕಾರು ಇನ್ನೂ ಕೊಂಡಿರಲಿಲ್ಲ. ಅವನೂ ಸಹಿ ಹಾಕಿದ. ಮೂರನೆಯ ಪಾಲು ಮಾಶಿಮಾಳದು. ಆಕೆ ಮಾತ್ರ ಕಾಗದವನ್ನು ಒದ್ದೆ ಕೈಯಿಂದ ಮುಟ್ಟಿ, ಕೈ ಒಣಗಲಿ ಎಂದು ಬದಿಗಿಟ್ಟಳು. ಎರಡು ತಿಂಗಳು ಆಕೆಯ ಕೈ ಒಣಗಲಿಲ್ಲ.

ಬಾಡಿಗೆಯವರಾದ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಹೊಸ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ಹಿಂಭಾಗದಲ್ಲಿ, ಬೇರೆ ಯಾರಿಗೂ ಬೇಡವಾದ ಮೂಲೆ ನಮಗೆ ಎಂದು ನಕ್ಷೆಯಲ್ಲಿ ಬರೆದಾಗಿತ್ತು. ಬೇರೆಯವರು ಅದೃಷ್ಟ ಎಂದರು. ನನಗೆ ಆ ನಾಲ್ಕನೆಯ ಮಹಡಿಯೇ ಬೇಡವಾಗಿತ್ತು.

ಏಕೆಂದರೆ ನಮ್ಮವರಿಗೆ ಅದಾಗಲೇ ಲಕ್ವಾ ಹೊಡೆದು ಎರಡು ವರ್ಷವಾಗಿತ್ತು. ಎಡಭಾಗ ಪೂರ್ತಿ ಹೋಗಿತ್ತು. ಕೂಡಿಸಿದರೆ ಕಣ್ಣು ಮೇಲಾಗಿ ಎಚ್ಚರ ತಪ್ಪುತ್ತಿದ್ದರು. ವರ್ಷಕ್ಕೆ ಒಂದೆರಡು ಸಲ ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಾಗ, ಮಲಗಿದಂತೆಯೇ ಎತ್ತಿ ಆಸ್ಪತ್ರೆಗೆ ಒಯ್ಯಬೇಕಿತ್ತು. ಕೆಳಗಿನ ಕೋಣೆಯಾದ್ದರಿಂದ ಬಾಗಿಲಿಂದ ಗಾಡಿಗೆ ಹತ್ತು ಹೆಜ್ಜೆ. ನಾಲ್ಕನೆಯ ಮಹಡಿಯಿಂದ ಹೇಗೆ?

ಭಾವನ ಮಗನನ್ನು ಕೇಳಿದೆ. ಲಿಫ್ಟ್ ಇರುತ್ತದಲ್ಲ, ಗಾಲಿಕುರ್ಚಿಯಲ್ಲಿ ಕೂಡಿಸಿ ತನ್ನಿ ಎಂದ. ಕೂಡಿಸಿದರೆ ಹೋಗಿಬಿಡುತ್ತಾರೆ ಎಂದೆ. ಅವನ ಫೋನು ರಿಂಗಾಯಿತು. ಮೈದುನನನ್ನು ಕೇಳಿದೆ. ರೋಗಿಗಳ ಬಗ್ಗೆ ಸಮಾಜಕ್ಕೆ ಇರಬೇಕಾದ ಹೊಣೆಯ ಮೇಲೆ ಅರ್ಧ ಗಂಟೆ ಮಾತಾಡಿದ, ಬಹಳ ಚೆನ್ನಾಗಿ ಮಾತಾಡಿದ, ನಂತರ ಚಹಾಕ್ಕೆ ಹೋದ. ಪ್ರೊಮೋಟರನಂತೂ ನಾನು ಯಾರೆಂದೇ ಕೇಳಿದ.

ಕೊನೆಗೆ ಬೇರೆ ದಾರಿ ಇಲ್ಲದೆ ಈಳಿಗೆಮಣೆಯ ಮುಂದೆ ಹೋಗಿ ನಿಂತೆ. ಎಲ್ಲ ಹೇಳಿದೆ. ಆಕೆ ಬಾಳೆದಿಂಡಿನ ನಾರನ್ನು ಬೆರಳಿಗೆ ಸುತ್ತಿ ತೆಗೆಯುತ್ತಲೇ ಇದ್ದಳು. ಕೇಳಿದ್ದು ಒಂದೇ ಮಾತು.

"ನಿನ್ನ ಗಂಡ ಎಷ್ಟುದ್ದ ಅದಾನ?"

ನನಗೆ ಮೈ ಉರಿದುಹೋಯಿತು. ಗೋಡೆಯ ಮೇಲೆ ಒಂದು ಎತ್ತರ ತೋರಿಸಿ, ಅಷ್ಟು ಎಂದು ಹೇಳಿ ಒಳಗೆ ಬಂದುಬಿಟ್ಟೆ.

ಮುಂದಿನ ವಾರ ಜಗಲಿಯ ಮೇಲೆ ಸಭೆ. ಪ್ರೊಮೋಟರ್ ನಕ್ಷೆ ಬಿಡಿಸಿ ಕೂತ. ಓಣಿಯವರೆಲ್ಲ ಬಗ್ಗಿ ನೋಡಿದರು. ಅಮೃತಶಿಲೆಯ ನೆಲ ಎಂದ, ಹೌದೌದು ಎಂದರು. ಮಾಶಿಮಾ ಎಲ್ಲರ ಹಿಂದೆ ಮೋಡಾ ಎಂಬ ಬೆತ್ತದ ಪೀಠದ ಮೇಲೆ ಕೂತಿದ್ದಳು.

"ಅದೆಲ್ಲಾ ಇರಲಿ. ನನ್ನ ಹೆಣಾ ಹೆಂಗ ಇಳಸ್ತೀರಿ?"

ಪ್ರೊಮೋಟರ್ ನಕ್ಕು, ಮಾಶಿಮಾ, ನೀವು ನೂರು ವರ್ಷ ಬಾಳುತ್ತೀರಿ, ಲಿಫ್ಟ್ ಬೇರೆ ಇದೆ ಎಂದ.

"ನಾಕ ಮಂದಿ ನಿಂದರೂವಷ್ಟ ಲಿಫ್ಟು. ನನ್ನೂ ನಿಂದರಿಸಿ ಒಯ್ತೀರೇನು? ಮೆಟ್ಟಲಾ ತೋರಸು."

ಮೆಟ್ಟಿಲು ನಕ್ಷೆಯ ಮೂಲೆಯಲ್ಲಿ ಎಲ್ಲೋ ಸಿಕ್ಕಿತು, ಬಳೆಯಂಗಡಿಯ ಮಾಳಿಗೆಗೆ ಇರುವಷ್ಟು ಇಕ್ಕಟ್ಟು. ತಿರುವಿನಲ್ಲಿ ಒಂದೂವರೆ ಅಡಿ ಹೆಚ್ಚು ಬೇಕು, ಇಲ್ಲದಿದ್ದರೆ ಸಹಿ ಇಲ್ಲ ಎಂದಳು ಆಕೆ. ಆ ಒಂದೂವರೆ ಅಡಿ ಕೆಳಗೆ ಬಂದು ಮುಟ್ಟುವುದು ಭಾವನ ಮಗನ ಕಾರಿನ ಜಾಗಕ್ಕೆ. ಅವನು ಎದ್ದು ನಿಂತ. ಮೈದುನ, ಶುಭಕಾರ್ಯದಲ್ಲಿ ಹೆಣದ ಮಾತೇ, ಅತ್ತಿಗೆಗೆ ವಯಸ್ಸಾಯಿತು, ಬುದ್ಧಿ ಮಂಕಾಗಿದೆ ಎಂದ. ವಿಚಾರವಾದಿ ಎಂದು ಕಾಲರ್ ಎತ್ತಿ ತಿರುಗುತ್ತಿದ್ದವನು ಹೆಣ ಎಂದ ಕೂಡಲೇ ಅಪಶಕುನಕ್ಕೆ ಹೆದರಿದ. ಸಭೆ ಮುರಿಯಿತು.

ಪಕ್ಕದಲ್ಲೇ ಆ ಪ್ರೊಮೋಟರ್ ಆಗಷ್ಟೇ ಮುಗಿಸಿದ ಒಂದು ಕಟ್ಟಡವಿತ್ತು. ಅದೇ ಅಳತೆಯ ಮೆಟ್ಟಿಲು. ಭಾನುವಾರ ಬೆಳಿಗ್ಗೆ ಫ್ಲಾಟು ಕೊಳ್ಳುವವರು ಅಲ್ಲಿ ನೋಡಲು ಬರುತ್ತಿದ್ದರು. ಗಾಜಿನ ಕಟ್ಟಡದ ಗಂಡ ಹೆಂಡಿರು, ಕೈಯಲ್ಲಿ ನೀರಿನ ಬಾಟಲಿ, ಎಲ್ಲದಕ್ಕೂ ವಾವ್ ಎನ್ನುವವರು. ಆ ಭಾನುವಾರ ಹತ್ತು ಗಂಟೆಗೆ ಮಾಶಿಮಾ ಒಗೆದ ಬಿಳಿ ಸೀರೆಯುಟ್ಟು ನಮ್ಮ ಗೇಟಿನಿಂದ ಹೊರಟಳು. ಹಿಂದೆ, ಸ್ಮಶಾನದ ಘಾಟಿನ ಹತ್ತಿರ ಬಿದಿರಿನ ಚಟ್ಟ ಮಾರುವ ಅಂಗಡಿಯ ಇಬ್ಬರು ಗಂಡಸರು. ಅವರ ಹೆಗಲ ಮೇಲೆ ಹೊಸ ಖಾಲಿ ಚಟ್ಟ. ಬಾಗಿಲಲ್ಲಿದ್ದ ದರವಾನ ಕೈಮುಗಿದು ದಾರಿ ಬಿಟ್ಟ. ಯಾರೋ ಸತ್ತಿದ್ದಾರೆಂದು ತಿಳಿದ. ಯಾರನ್ನು ತಡೆದರೂ ಹೆಣದ ಕಡೆಯವರನ್ನು ಈ ಊರಿನಲ್ಲಿ ಯಾರೂ ತಡೆಯುವುದಿಲ್ಲ.

ನಾನೂ ಹಿಂದೆ ಹೋದೆ. ಸುಳ್ಳೇಕೆ, ನೋಡಲೆಂದೇ ಹೋದೆ.

ಮೊದಲನೆಯ ತಿರುವಿನಲ್ಲೇ ಚಟ್ಟ ಸಿಕ್ಕಿಕೊಂಡಿತು. ಒಂದು ತುದಿ ಹೊಸ ಬಣ್ಣದ ಗೋಡೆಯನ್ನು ಕೆರೆಯಿತು, ಇನ್ನೊಂದು ತುದಿ ಕಂಬಿಯೊಳಗೆ ನುಗ್ಗಿತು. ಮೇಲಿಂದ ಇಳಿಯುತ್ತಿದ್ದ ಎರಡು ಜೋಡಿಗಳು ಅಲ್ಲೇ ನಿಂತರು. ಕೆಳಗಿಂದ ಹತ್ತುತ್ತಿದ್ದವರು ಅಲ್ಲೇ. ಮಾಶಿಮಾ ಮೆಟ್ಟಿಲ ಮೇಲೆ ಕೂತು, ಅವಸರವಿಲ್ಲ, ಇನ್ನೊಂದು ಸಲ ತಿರುಗಿಸಿ ನೋಡಿ ಎಂದು ಆ ಇಬ್ಬರಿಗೆ ಹೇಳುತ್ತಿದ್ದಳು. ನೀರಿನ ಬಾಟಲಿಯ ಒಬ್ಬ ಹುಡುಗಿ, ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿದಳು. ಇನ್ನೂ ಯಾರೂ ಇಲ್ಲ, ನೀವು ಕೊಂಡುಕೊಳ್ಳಿ, ಆಮೇಲೆ ಒಬ್ಬೊಬ್ಬರಾಗಿ ಎಂದು ಆಕೆ ವಿವರಿಸಿದಳು.

ಪ್ರೊಮೋಟರ್ ಓಡಿ ಬಂದ. ಬೆವರುತ್ತಿದ್ದ. ಚಟ್ಟವನ್ನು ಓರೆ ಮಾಡಿದರೆ ಆರಾಮಾಗಿ ತಿರುಗುತ್ತದೆ ಎಂದ.

"ಹಂಗಾರ ನೀ ಮಲ್ಕೋ," ಎಂದಳು ಆಕೆ. "ನಿನ್ನ ಕಟ್ಟಿ ಓರೆ ಮಾಡ್ತಾರ. ತಿರಗತೈತೇನು ನೋಡೂಣು."

ಅವನು ಆ ಬಿದಿರನ್ನು ಒಮ್ಮೆ ನೋಡಿದ. ಕೊಳ್ಳಲು ಬಂದವರು ಅವನನ್ನೇ ನೋಡುತ್ತಿದ್ದರು. ಮಧ್ಯಾಹ್ನದೊಳಗೆ ನಕ್ಷೆ ತಿದ್ದಿ ತಂದ. ಆಕೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಬೇರೇನೂ ಕೇಳಲಿಲ್ಲ. ಆ ಒಂದು ಸಹಿಗೆ ಆಕೆ ದಕ್ಷಿಣದ ಗಾಳಿಯನ್ನೂ ಕೇಳಬಹುದಿತ್ತು, ಇನ್ನೊಂದು ಕೋಣೆಯನ್ನೂ ಕೇಳಬಹುದಿತ್ತು.

ಆ ಸಂಜೆ ನಾನು ಮಾಳಿಗೆಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಆಕೆ ಭರಣಿ ಒಳಗಿಡಲು ಬಂದಳು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸಿಯೇ ಒಯ್ಯುತ್ತಾರೆ, ನಮಗೆ ಚಟ್ಟವೇ ಇಲ್ಲ ಎಂದು ನಾನು ಹೇಳಿದೆ. ಹೇಳಲು ಅದೇ ಹೊತ್ತು ಏಕೆ ಸಿಕ್ಕಿತೋ. ಉಪಕಾರ ಹೊರಲಾರದವರು ಹೀಗೇ ಏನಾದರೂ ಮಾತಾಡುತ್ತಾರೆ.

"ಗೊತ್ತೈತಿ, ನಿನ್ನ ಗಂಡ ಹಿಂದಕ್ಕ ಹೇಳಿದ್ದ," ಎಂದಳು. "ಸತ್ತ ಮ್ಯಾಲ ನೀವು ಹೆಂಗರ ಒಯ್ಕೋರಿ. ಜೀವಂತ ಇದ್ದಾಗ ಮಲಗಿಸಿ ಒಯ್ಯಬೇಕಲ್ಲ. ಬಾಡಿಗಿಯವನ ಜಡ್ಡಂದ್ರ ಈ ಮಂದಿ ಕಿವಿ ಮುಚ್ಕೋತಾರ, ಬೌಮಾ. ಹೆಣಾ ಅಂದ್ರ ಹೆದರ್ತಾರ. ಅದಕ್ಕ ಹೆಣಾ ಅಂದೆ."

ಹೀಗೆಂದವಳು ನನ್ನ ಸಂಡಿಗೆಯ ತಟ್ಟೆಯನ್ನು ಕಾಲಿನಿಂದ ಬದಿಗೆ ಸರಿಸಿ ಇಳಿದುಹೋದಳು.

ಭಾವನ ಮಗ ಆಮೇಲೆ ಆಕೆಯೊಂದಿಗೆ ಮಾತು ಬಿಟ್ಟ. ಮನೆ ಕೆಡವಿದರು. ಕಟ್ಟಡ ಏಳುವವರೆಗೆ ಎಲ್ಲರೂ ಅಲ್ಲಲ್ಲಿ ಬಾಡಿಗೆಗೆ ಹೋದೆವು. ಹುಟ್ಟಿದಾಗಿನಿಂದ ಬಾಡಿಗೆ ಎಂದರೆ ಮುಖ ಸಿಂಡರಿಸುತ್ತಿದ್ದ ಮಂದಿಯೆಲ್ಲ ಬಾಡಿಗೆಯವರಾದದ್ದನ್ನು ನೋಡಿ ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಶಿಮಾ ಎರಡು ಓಣಿ ಆಚೆ ಒಂದೇ ಕೋಣೆಯಲ್ಲಿದ್ದಳು. ಅಂಗಳವಿಲ್ಲದೆ, ಬಚ್ಚಲ ಬಾಗಿಲಲ್ಲಿ ಕೂತು ಹೆಚ್ಚುತ್ತಿದ್ದಳು. ಎರಡನೆಯ ಚಳಿಗಾಲದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದವಳು ಅಲ್ಲೇ ಹೋದಳು. ಅಲ್ಲಿಂದ ಗಾಡಿಯಲ್ಲಿ ನೇರವಾಗಿ ಘಾಟಿಗೆ. ಆಗ ಕಟ್ಟಡ ಮೂರನೆಯ ಮಹಡಿಯವರೆಗೆ ಬಂದಿತ್ತು. ಜಗಳ ಮಾಡಿ ಅಗಲಿಸಿದ ಆ ಮೆಟ್ಟಿಲನ್ನು ಆಕೆ ಒಮ್ಮೆಯೂ ಹತ್ತಲೂ ಇಲ್ಲ, ಇಳಿಯಲೂ ಇಲ್ಲ.

ಘಾಟಿಗೆ ನಾನು ಹೋಗಿದ್ದೆ. ಮೈದುನ ಅಲ್ಲೂ ಒಂದು ಭಾಷಣ ಮಾಡಿದ. ಅತ್ತಿಗೆ ಹಳೆಯ ಕಾಲದ ಮೌಲ್ಯಗಳ ಪ್ರತೀಕ ಎಂದ. ಈಗ ಕಟ್ಟಡ ನೋಡಲು ಬಂದವರಿಗೆಲ್ಲ, ಮೆಟ್ಟಿಲು ಇಷ್ಟು ವಿಶಾಲವಾಗಿರಲಿ ಎಂದು ಪಟ್ಟು ಹಿಡಿದವನು ತಾನೇ ಎಂದು ಹೇಳುತ್ತಾನೆ. ಭಾವನ ಮಗ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಾನೆ. ಅವನ ಕಾರು ಬೀದಿಯಲ್ಲೇ ನಿಲ್ಲುತ್ತದೆ, ಅದರ ಮೇಲೆ ಕಾಗೆಗಳು ಕೂರುತ್ತವೆ.

ನಾಲ್ಕನೆಯ ಮಹಡಿಗೆ ಹೋದ ವರ್ಷವೇ ನಮ್ಮವರಿಗೆ ಉಸಿರು ಕಟ್ಟಿತು. ಕರೆಂಟು ಇರಲಿಲ್ಲ, ಲಿಫ್ಟು ಎರಡನೆಯ ಮಹಡಿಯಲ್ಲಿ ನಿಂತಿತ್ತು. ಹೊರುವವರು ಬಂದು ಮಲಗಿದ್ದಂತೆಯೇ ಎತ್ತಿಕೊಂಡರು. ತಿರುವು ಬಂದಾಗ ನಾನು ಗೋಡೆಗೆ ಒತ್ತಿ ನಿಂತೆ. ಅವರು ಒಂದು ಕ್ಷಣವೂ ತಡೆಯಲಿಲ್ಲ. ತಿರುಗಿದರು, ಇಳಿದರು, ತಿರುಗಿದರು, ಇಳಿದರು. ಹೀಗೆ ನಮ್ಮವರು ಐದು ಸಲ ಇಳಿದು ನಾಲ್ಕು ಸಲ ಹತ್ತಿ ಬಂದರು. ಇನ್ನೂ ಆರು ವರ್ಷ ಬದುಕಿದರು.

ಆ ತಿರುವಿನಲ್ಲಿ ಜಾಗ ದಂಡವಾಗುತ್ತಿದೆ ಎಂದು ಈಗ ಕಟ್ಟಡದವರ ಅಭಿಪ್ರಾಯ. ಒಬ್ಬರು ಚಪ್ಪಲಿ ಗೂಡು ಇಡುತ್ತಾರೆ, ಇನ್ನೊಬ್ಬರು ಹೂಕುಂಡ, ಮಗದೊಬ್ಬರು ಮುರಿದ ಸೈಕಲ್ಲು. ಏನಿಟ್ಟರೂ ಬೆಳಿಗ್ಗೆ ಹಾಲಿಗೆ ಇಳಿಯುವಾಗ ನಾನು ಕೆಳಗೆ ಒಯ್ದು ಬೀದಿಗೆ ಇಟ್ಟು ಬರುತ್ತೇನೆ. ಬಾಡಿಗೆಗೆ ಇದ್ದವಳಿಗೆ ಎಷ್ಟು ಸೊಕ್ಕು ಎನ್ನುತ್ತಾರೆ. ಎನ್ನಲಿ.