ಕಿಟಕಿ ಪಕ್ಕದ ಕರ್ಚೀಫು

ಶಿವಾಜಿನಗರದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದಿದ್ದೆ. ಹತ್ತಿ ನೋಡಿದರೆ ದಪ್ಪ ಮೀಸೆಯವನೊಬ್ಬ ಅದನ್ನು ಕೈಲಿ ಹಿಡಿದುಕೊಂಡು ಅಲ್ಲೇ ಕೂತಿದ್ದ.

"ಸ್ವಾಮಿ, ಅದು ನನ್ನ ಸೀಟು," ಅಂದೆ.

ಮೊಣಕೈಯಿಂದ ನನ್ನ ಹೊಟ್ಟೆಗೆ ತಿವಿದು, "ನೋಡ್ರೀ, ಬಡಪಾಯಿ ಅಂತ ಎಲ್ರೂ ನನ್ನನ್ನೇ ತುಳೀತಾರೆ," ಅಂತ ಗೋಳಾಡಿದ.

ಕಂಡಕ್ಟರ್ ನನಗೇ ಗದರಿದ. "ಪಾಪ, ಬಿಡಿ ಸಾರ್. ನಿಮಗೇನು ನಿಲ್ಲೋಕಾಗಲ್ವಾ?"

ಹಿಂದಿನ ಸೀಟಿನ ಅಜ್ಜಿ ಅವನಿಗೆ ಕಿತ್ತಳೆ ಸುಲಿದು ಕೊಟ್ಟರು. ಸೀಟು ಹೋದದ್ದಕ್ಕಿಂತ ಆ ಕಿತ್ತಳೆ ಕಂಡು ನನಗೆ ಹೊಟ್ಟೆ ಉರಿಯಿತು. ತಿವಿಸಿಕೊಂಡವನು ನಾನು, ಒಂದು ತೊಳೆಯೂ ನನ್ನ ಕಡೆ ಬರಲಿಲ್ಲ. ನನಗೂ ಹಾಗೆ ಅಳಲು ಬರಬಾರದಿತ್ತೇ ಅನ್ನಿಸಿತು.

ಹಲಸೂರು ದಾಟುವಷ್ಟರಲ್ಲಿ ನಿಜವಾಗಿಯೂ ಕಣ್ಣು ತುಂಬಿತು. ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವನು ನನ್ನ ಕರ್ಚೀಫಿನಲ್ಲೇ ಬಾಯಿ ಒರೆಸಿಕೊಳ್ಳುತ್ತಿದ್ದ.