ಅಪ್ಪ ಉಳದೆ ಬಿಟ್ಟ ಪಟ್ಟಿ

ನಮ್ಮಪ್ಪ ಸೋಮಾರಿ ಎಂದು ನಾನು ಬಹಳ ವರ್ಷ ನಂಬಿದ್ದೆ. ಅದಕ್ಕೆ ಸಾಕ್ಷಿ ಹೊಲದಲ್ಲೇ ಇತ್ತು. ಹೊನ್ನವಳ್ಳಿ ಕಡೆಯ ಕಾವಲಿಗೆ, ಅಂದರೆ ಹುಲ್ಲುಗಾವಲಿಗೆ, ಅಂಟಿಕೊಂಡಿದ್ದ ನಮ್ಮ ಮಳೆಯಾಧಾರದ ಬೆದ್ದಲಿನಲ್ಲಿ, ದಕ್ಷಿಣದ ಬದುವಿನ ಉದ್ದಕ್ಕೂ ಎರಡು ಮಾರು ಅಗಲದ ಒಂದು ಪಟ್ಟಿಯನ್ನು ಅವನು ಯಾವತ್ತೂ ಉಳಲಿಲ್ಲ. ಅಲ್ಲಿ ಹುಲ್ಲು, ತುಂಬೆ, ತಂಗಡಿ ಬೆಳೆದುಕೊಂಡಿರುತ್ತಿದ್ದವು. ನೇಗಿಲು ಅಲ್ಲಿಗೆ ಬರುತ್ತಿದ್ದಂತೆ ಎತ್ತು ತಿರುಗಿಸಿಬಿಡುತ್ತಿದ್ದ. ಯಾಕಪ್ಪಾ ಎಂದರೆ, "ಇರ್ಲಿ ಬುಡು" ಅನ್ನುತ್ತಿದ್ದ. ಅಷ್ಟೇ.

ನಾನು ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ನೇಗಿಲು ಹಿಡಿದವನು. ಓದಲಿಲ್ಲ ಎಂಬ ಕೊರಗು ಇರಲಿಲ್ಲ. ನನ್ನಷ್ಟು ನೆಟ್ಟಗೆ ಸಾಲು ಹೊಡೆಯುವವನು ಸುತ್ತಿನಲ್ಲಿ ಇನ್ನೊಬ್ಬನಿಲ್ಲ ಎಂಬ ಹಮ್ಮಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣನಿಗೂ ನನಗೂ ಪಾಲಾಯಿತು. ತೋಟ ಅಣ್ಣನಿಗೆ, ಕಾವಲಿನ ಪಕ್ಕದ ಬೆದ್ದಲು ನನಗೆ. ಮೊದಲ ಮಳೆಗೇ ಆ ಪಟ್ಟಿಯನ್ನೂ ಸೇರಿಸಿ ಉತ್ತೆ. ಬದುವಿನ ಆಚೆ ಹೊಲದವನೂ ಅವನ ಕಡೆಯ ಬೀಳನ್ನು ಉತ್ತುಕೊಂಡ. ಅವನ ಅಪ್ಪನೂ ಹಾಗೇ ಎರಡು ಮಾರು ಬಿಟ್ಟಿದ್ದ. ಇಬ್ಬರು ಮುದುಕರೂ ಒಂದೇ ಥರ ಸೋಮಾರಿಗಳು ಎಂದುಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆ ಬೆದ್ದಲಲ್ಲಿ ತೆಂಗು ಎಬ್ಬಿಸುತ್ತೇನೆಂದು ಹಿಟ್ಟಿನ ಗಿರಣಿಯ ಮುಂದೆ ನಾಲ್ಕು ಜನರ ಎದುರಿಗೆ ಹೇಳಿಬಿಟ್ಟೆ. ಬದುವಿನಾಚೆಯ ಆ ಪಕ್ಕದ ಹೊಲದವನು ಅಲ್ಲೇ ಇದ್ದ. ನನ್ನ ವಾರಿಗೆಯವನು, ಬಾಯಿ ಜೋರು.

"ಕಾವಲಿನ ಜಿಂಕೆಗೆ ಮೇವು ಬೆಳೆಯೋಕೆ ಹೊಂಟವ್ನೆ ಕಣ್ರಪ್ಪ! ಲೇ, ಮೊದಲ್ನೇ ಎಳನೀರು ನಂಗೇ ಕೊಡ್ಬೇಕು ಕಣ್ಲಾ. ಅಷ್ಟೊತ್ತಿಗೆ ನಂಗೆ ಹಲ್ಲಿರಕಿಲ್ಲ, ಎಳನೀರೇ ಸರಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅಣ್ಣನ ತೋಟದ ಹಳೇ ಮರವೊಂದರಿಂದ ಬೀಜದ ಕಾಯಿ ಆರಿಸಿ, ಮರಳಲ್ಲಿ ಹೂತು ಮೊಳಕೆ ಬರಿಸಿ, ನಲವತ್ತೆಂಟು ಗುಣಿ ತೆಗೆದು ಸಸಿ ಇಟ್ಟೆ. ಅಪ್ಪ ಬಿಟ್ಟಿದ್ದ ಪಟ್ಟಿಯಲ್ಲೇ ಎಂಟು ಸಸಿಯ ಒಂದು ಸಾಲು ಬಂತು. ಮಳೆಯಿಲ್ಲದ ದಿನಗಳಲ್ಲಿ ನಾನೂ ನನ್ನ ಹೆಂಡತಿಯೂ ಅರ್ಧ ಫರ್ಲಾಂಗು ದೂರದ ಬಾವಿಯಿಂದ ನೀರು ಹೊತ್ತು ಹುಯ್ಯುತ್ತಿದ್ದೆವು. ನನ್ನ ಹೆಗಲಿಗೆ ಎರಡು ಬಿಂದಿಗೆಯ ಅಡ್ಡೆ, ಅವಳಿಗೆ ಕೊಡ. ಒಂದು ಸಸಿ ಒಣಗಿದರೂ ಗಿರಣಿಯ ಮುಂದೆ ತಲೆಯೆತ್ತಿ ನಡೆಯಲಾರೆ ಎಂಬಂತಿತ್ತು ನನ್ನ ಸ್ಥಿತಿ. ಬೇರೆ ಜಮೀನೂ ಇರಲಿಲ್ಲ. ಇಲ್ಲಿ ತೆಂಗು ಬಂದರೆ ಬದುಕು, ಇಲ್ಲದಿದ್ದರೆ ವರ್ಷ ವರ್ಷವೂ ಆಕಾಶ ನೋಡಿಕೊಂಡು ರಾಗಿ.

ಜಿಂಕೆಗಳು ಬಂದೇ ಬಂದವು. ಬೆಳಗಿನ ಇಬ್ಬನಿ ಆರುವ ಮೊದಲು ಹತ್ತು ಹನ್ನೆರಡು ಒಟ್ಟಿಗೆ. ಹೆಣ್ಣುಗಳು ಒಣಹುಲ್ಲಿನ ಬಣ್ಣ. ಮುಂದೆ ಒಂದು ಕರಿ ಗಂಡು, ಹೊಟ್ಟೆ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ, ತಿರುಚಿದ ಕೊಂಬು. ನೋಡಲು ಏನು ಚೆಂದ! ಆದರೆ ತೆಂಗಿನ ಸಸಿಯ ಎಳೆ ಸುಳಿಗೆ ಬಾಯಿ ಹಾಕಿದ ಪ್ರಾಣಿಯನ್ನು ಚೆಂದ ಎನ್ನಲು ನಾಲಿಗೆ ಏಳುವುದಿಲ್ಲ. ಗರಿ ತಿಂದರೆ ಇನ್ನೊಂದು ಬರುತ್ತದೆ. ಸುಳಿ ಹೋದರೆ ಸಸಿ ಉಳಿಯುವುದೇ ಕಷ್ಟ.

ಸಗಣಿ ಕದಡಿ ಗರಿಗಳಿಗೆ ಬಳಿದೆವು. ಎರಡು ವಾರ ಮುಟ್ಟಲಿಲ್ಲ. ಮಳೆ ಬಂದು ತೊಳೆದುಕೊಂಡು ಹೋಯಿತು. ಹರಕು ಅಂಗಿಯ ಬೆದರುಬೊಂಬೆ ನಿಲ್ಲಿಸಿದೆ. ಮೂರನೇ ದಿನ ಅದರ ಕಾಲ ಬುಡದಲ್ಲೇ ಮೇಯುತ್ತಿದ್ದವು. ಉರುಲು ಹಾಕು ಎಂದು ಹೇಳಿಕೊಟ್ಟವರೂ ಇದ್ದರು. ಜಿಂಕೆ ಹಿಡಿದರೆ ಜೈಲು ಎಂಬ ಮಾತು ಆಗಲೇ ಇತ್ತು. ಅದಿರಲಿ, ಕದ್ದು ಕೊರಳು ಬಿಗಿಯುವುದು ನನಗೆ ಗಂಡಸಿನ ಕೆಲಸವಾಗಿ ಕಾಣಲಿಲ್ಲ. ಬೇಲಿ ಹಾಕುತ್ತೇನೆ ಎಂದೆ.

"ಒಬ್ಬರ ಕೈಲಿ ಆಗಲ್ಲ. ಯಾರನ್ನಾದ್ರೂ ಮುಯ್ಯಿಗೆ ಕರೀರಿ" ಎಂದಳು ಹೆಂಡತಿ.

ಮುಯ್ಯಿ ಎಂದರೆ ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿಯಿಲ್ಲ, ಆಳಿಗೆ ಆಳು. ಊರೆಲ್ಲ ನಡೆಯುತ್ತಿದ್ದುದೇ ಹಾಗೆ. ನಾನೊಬ್ಬ ಹೋಗುತ್ತಿರಲಿಲ್ಲ. ಇನ್ನೊಬ್ಬನ ಋಣದಲ್ಲಿ ಒಂದು ದಿನವೂ ಇರಬಾರದು ಎಂಬ ಜಂಬ. ಒಂದು ಸಲ ಪಕ್ಕದ ಹೊಲದವನು ರಾಗಿ ಕೊಯ್ಲಿಗೆ ಮನೆ ಬಾಗಿಲಿಗೆ ಬಂದು ಕರೆದಿದ್ದ. "ನನ್ನ ಹೊಲ ನಾನು ನೋಡ್ಕೋತೀನಿ, ನಿಂದು ನೀನು ನೋಡ್ಕೋ" ಎಂದಿದ್ದೆ. ಅವತ್ತಿನಿಂದ ಅವನು ನನ್ನೊಂದಿಗೆ ಮಾತಾಡುವುದೇನಿದ್ದರೂ ನಾಲ್ಕು ಜನರ ಮುಂದೆ, ಹಂಗಿಸುವುದಕ್ಕೆ.

ಒಬ್ಬನೇ ಜಾಲಿ ಕಡಿದೆ. ಒಬ್ಬನೇ ಎಳೆದು ತಂದೆ. ಎರಡು ತಿಂಗಳಲ್ಲಿ ನಾಲ್ಕೂ ಕಡೆ ಎದೆಮಟ್ಟದ ಮುಳ್ಳುಬೇಲಿ ಎದ್ದಿತು. ಅಂಗೈ ಜರಡಿಯಾಗಿದ್ದರೂ ಮನಸ್ಸು ತಂಪಾಗಿತ್ತು.

ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಅಡ್ಡೆ ಹೊತ್ತು ಬರುತ್ತಿದ್ದೇನೆ, ಒಳಗೆ ಒಂಬತ್ತು ಜಿಂಕೆ! ಕಾವಲಿನ ಕಡೆಯ ಬೇಲಿಯ ಬುಡವನ್ನು ಗೆದ್ದಲು ತಿಂದು ಒಂದು ಕಡೆ ಕುಸಿದಿತ್ತು. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಖುಷಿ. ಸಿಕ್ಕಿದ್ರಲ್ಲ ಮಕ್ಳಾ ಎಂದುಕೊಂಡು ಅಡ್ಡೆ ಇಳಿಸಿ, ಓಡಿಹೋಗಿ ಆ ಕಿಂಡಿಗೇ ಅಡ್ಡ ನಿಂತು ಕೂಗಿದೆ.

ಅದೇ ನಾನು ಮಾಡಿದ ತಪ್ಪು. ಬಂದ ದಾರಿಯಲ್ಲಿ ನಾನು, ಉಳಿದ ಮೂರು ಕಡೆ ನನ್ನದೇ ಗಟ್ಟಿ ಬೇಲಿ. ಪಶ್ಚಿಮಕ್ಕೆ ನುಗ್ಗಿದವು, ಮುಳ್ಳಿಗೆ ಬೆದರಿ ತಿರುಗಿದವು, ಮತ್ತೆ ನುಗ್ಗಿದವು. ಗಾಣದ ಎತ್ತು ಹುಚ್ಚೆದ್ದಂತೆ ಸುತ್ತಿದವು. ಸಸಿಗಳು ಗೊರಸಿನಡಿ ಮುರಿಯುವ ಸದ್ದು ನನಗೆ ಕೇಳುತ್ತಿತ್ತು. ಕೊನೆಗೆ ಕರಿ ಗಂಡು ಪಕ್ಕದವನ ಬದುವಿನ ಮೇಲಿನ ಬೇಲಿಯನ್ನು ಹಾರಿತು, ಉಳಿದವೂ ಹಾರಿದವು. ಒಂದು ಹೆಣ್ಣಿನ ತೊಡೆ ಸೀಳಿ ಮುಳ್ಳಿಗೆ ರಕ್ತ ಹತ್ತಿತ್ತು. ಹದಿನಾಲ್ಕು ಸಸಿ ನೆಲಕ್ಕೆ ಮಲಗಿದ್ದವು. ಒಂದು ವರ್ಷ ಹೊತ್ತು ಹುಯ್ದ ನೀರು.

ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಕೋಲಿಗೆ ಗಲ್ಲ ಊರಿ ಎಲ್ಲವನ್ನೂ ನೋಡಿದ್ದಳು. ಹತ್ತಿರ ಬಂದಳು.

"ಏನಪ್ಪಾ, ಇದು ಬೇಲಿಯೋ, ದೊಡ್ಡಿಯೋ?"

"ಉರಿಯೋದಕ್ಕೆ ಉಪ್ಪು ಹಾಕ್ಬೇಡ ಕಣಜ್ಜಿ."

"ನಿನ್ನ ಗಿಡ ತಿನ್ನೋಕೇ ಬಂದ್ವು ಅಂದ್ಕೊಂಡ್ಯಾ? ಕಾವಲಿನ ಗುಂಡಿ ಒಣಗೈತೆ. ಆ ಕಡೆ ಕಟ್ಟೆ ನೀರಿಗೆ ಹೊಂಟಿರೋವು. ಹೋಯ್ತಾ ದಾರೀಲಿ ಒಂದು ಬಾಯಿ ಹಾಕ್ತವೆ. ನಿಮ್ಮಪ್ಪ ದಾರಿ ಬುಟ್ಟಿದ್ದ. ಆ ಕಡೆಯೋನ ಅಪ್ಪನೂ ಬುಟ್ಟಿದ್ದ. ಇಬ್ರೂ ಈ ಬದುವಿನ ಮ್ಯಾಲೆ ನಿಂತು ಮಾತಾಡ್ಕೊಂಡಿದ್ದು ನಾನೇ ಕಂಡಿವ್ನಿ. ಮಕ್ಳು ಬುದ್ವಂತ್ರಾದ್ರಿ, ಉತ್ಕೊಂಡ್ರಿ."

ಬದುವಿನ ಉದ್ದಕ್ಕೂ ಕಣ್ಣು ಹಾಯಿಸಿದೆ. ಎರಡು ಮಾರು ಅಪ್ಪನದು, ಎರಡು ಮಾರು ಪಕ್ಕದವನ ಅಪ್ಪನದು, ನಡುವೆ ಬದು. ಕಾವಲಿನಿಂದ ಕಟ್ಟೆಯವರೆಗೆ ಸೀದಾ ದಾರಿ. ಇಷ್ಟು ದಿನ ಸೋಮಾರಿತನವೆಂದು ತಿಳಿದಿದ್ದುದು ಅಪ್ಪನ ಬೇಸಾಯವೇ ಆಗಿತ್ತು. ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ಎರಡನೇ ಸಲ ಕೇಳಲೂ ಇಲ್ಲ.

ದಾರಿ ಬಿಡಬೇಕಾದರೆ ನನ್ನ ಎರಡು ಮಾರು ಸಾಲದು. ಪಕ್ಕದವನೂ ಬಿಡಬೇಕು. ಅವನ ಬಾಗಿಲಿಗೆ ಹೋಗುವ ಮೊದಲು ಮೂರು ದಿನ ನನ್ನೊಳಗೇ ಗುದ್ದಾಡಿದೆ. ನಾಲ್ಕನೇ ದಿನ ಹೆಂಡತಿ, "ಹದಿನಾಲ್ಕು ಹೋದ್ವು. ಉಳಿದ ಮೂವತ್ನಾಲ್ಕನ್ನೂ ಕಳೆದು ಆಮೇಲೆ ಹೋಗ್ತೀರೋ, ಈಗ್ಲೇ ಹೋಗ್ತೀರೋ?" ಎಂದಳು.

ಅವನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೆ ಕೇಳಿಸಿಕೊಂಡ.

"ನನ್ನ ಹುರುಳೀನೂ ತುಳಿದ್ಹಾಕವೆ, ಗೊತ್ತಾ? ನಿನ್ನ ಬೇಲಿ ಬಂದ್ಮ್ಯಾಲೆ ಎಲ್ಲಾ ನನ್ನ ಮ್ಯಾಲೇ ನುಗ್ತವೆ."

"ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

"ನನ್ನ ಹೊಲ ನಾನು ನೋಡ್ಕೋತೀನಿ ಅಂದಿದ್ಯಲ್ಲ. ಬಾಗಿಲಿಗೆ ಬಂದೋನಿಗೆ."

"ಅಂದಿದ್ದೆ. ತಪ್ಪಾಯ್ತು ಕಣ್ಲಾ."

ಅವನು ಹಗ್ಗ ಕೆಳಗಿಟ್ಟ. ನಂತರ ಒಳಗೆ ತಿರುಗಿ, "ಲೇ ಇವಳೇ, ಕಾಫಿ ಇಡೇ. ದೊಡ್ಡೋರು ಬಂದವ್ರೆ" ಎಂದು ಕೂಗಿ, ನನ್ನ ಕಡೆ ನೋಡಿ, "ಯುಗಾದಿಯೊಳಗೆ ನನ್ನ ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೀಬೇಕು. ಎರಡು ದಿನ ಮುಯ್ಯಿಗೆ ಬಾ. ಆಮ್ಯಾಲೆ ನಿನ್ನ ಜಿಂಕೆ ರಸ್ತೆ ನೋಡಾನ" ಎಂದ.

ಹೋದೆ. ಗೊಬ್ಬರದ ಮಂಕರಿ ಹೊತ್ತು ಗಾಡಿಗೆ ತುಂಬುವಾಗ ಅವನು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ನೋಡ್ರಪ್ಪ, ಯಾರು ಮುಯ್ಯಿಗೆ ಬಂದವ್ರೆ ಅಂತ!" ಎಂದು ತೋರಿಸುತ್ತಿದ್ದ. ತಲೆ ಬಗ್ಗಿಸಿಕೊಂಡು ತುಂಬಿದೆ. ಎರಡನೇ ದಿನದ ಹೊತ್ತಿಗೆ ನಾನೂ ನಗುತ್ತಿದ್ದೆ. ಅವನ ಹೆಂಡತಿ ಬಡಿಸಿದ ಮುದ್ದೆ, ಹುರುಳಿ ಸಾರಿನ ರುಚಿ ಈಗಲೂ ನೆನಪಿದೆ.

ಆಮೇಲೆ ನಾಲ್ಕು ದಿನ ಅವನು ನನ್ನ ಜೊತೆ ನಿಂತ. ಪಟ್ಟಿಯಲ್ಲಿ ಉಳಿದಿದ್ದ ಐದು ಸಸಿಗಳನ್ನು ಮಣ್ಣಿನ ಹೆಂಟೆ ಸಮೇತ ಕಿತ್ತು, ಒಳಗೆ ಸತ್ತವುಗಳ ಗುಣಿಗೆ ಇಟ್ಟೆವು. ಬೇಲಿಯನ್ನು ಒಳಕ್ಕೆ ಸರಿಸಿದೆವು. ಅವನ ಕಡೆಯೂ ಒಂದು ಬೇಲಿ. ನಡುವೆ ಗಾಡಿ ಸಲೀಸಾಗಿ ಹೋಗುವಷ್ಟು ಓಣಿ. ಜಾಲಿ ಮುಳ್ಳನ್ನು ಗೆದ್ದಲು ತಿನ್ನುತ್ತದೆಂದು ಈಗ ಗೊತ್ತಿತ್ತು; ಮಳೆ ಬಿದ್ದ ಕೂಡಲೇ ಬೇಲಿಯ ಬುಡದಲ್ಲಿ ಕತ್ತಾಳೆ ಮರಿಗಳನ್ನು ಒತ್ತೊತ್ತಾಗಿ ನೆಡುವುದೆಂದು ಮಾತಾಯಿತು.

ಓಣಿಯೇನೋ ಆಯಿತು. ಜಿಂಕೆಗೆ ಹೇಳುವವರಾರು? ಒಂದು ವಾರ ಕರಿ ಗಂಡು ಓಣಿಯ ಬಾಯಲ್ಲಿ ನಿಂತು, ಮೂಸಿ, ಹಿಂದಕ್ಕೆ ಹೋಗುತ್ತಿತ್ತು. "ಇನಾಗ್ರೇಷನ್ನಿಗೆ ತಹಶೀಲ್ದಾರ್‌ನ ಕರೀಬೇಕೇನೋ ಕಣ್ಲಾ" ಎಂದ ಪಕ್ಕದವನು. ಎಂಟು ಗಿಡದ ಜಾಗ ಬಿಟ್ಟೂ ದಂಡವಾಯಿತೇ ಎಂದುಕೊಂಡೆ.

ಒಂದು ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಸೆರಗಿನ ಗಂಟು ಬಿಚ್ಚಿ ನಮ್ಮಿಬ್ಬರ ಮುಂದೆ ಹಿಡಿದಳು. ಒಂದು ಹಿಡಿ ಕಪ್ಪು ಹಿಕ್ಕೆ.

"ಊಟದ ಹೊತ್ತಲ್ಲಿ ಇದೇನೇ?" ಎಂದೆ.

"ಓಣಿಯ ಕಟ್ಟೆ ಕಡೆ ಬಾಯಲ್ಲಿ ಬಿದ್ದಿತ್ತು. ಕುರಿದಲ್ಲ, ನೋಡಿ. ಇನ್ನೂ ಹಸಿ ಐತೆ."

ಮೂವರೂ ಬುತ್ತಿ ಬಿಟ್ಟು ಎದ್ದೆವು. ಓಣಿಯ ಧೂಳಿನಲ್ಲಿ ಗೊರಸಿನ ಗುರುತುಗಳು ಈ ತುದಿಯಿಂದ ಆ ತುದಿಯವರೆಗೆ ಇದ್ದವು. ಪಕ್ಕದವನು ಕುಕ್ಕರುಗಾಲಲ್ಲಿ ಕೂತು ಬೆರಳಲ್ಲಿ ಅಳೆದ.

ಆಮೇಲೆ ಒಂದು ಗರಿಯೂ ಹೋಗಲಿಲ್ಲವೆಂದರೆ ಸುಳ್ಳಾಗುತ್ತದೆ. ಮರು ವರ್ಷ ಎರಡು ಸಸಿ ತಿಂದವು. ಅವನ ಅಲಸಂದೆಯನ್ನೂ ಮೂಲೆಯಲ್ಲಿ ಮೇದವು. ಆದರೆ ಹಿಂಡು ಹೊಲದೊಳಗೆ ನುಗ್ಗುವುದು ನಿಂತಿತು. ಕತ್ತಾಳೆ ದಪ್ಪವಾಗಿ ಬೆಳೆದು ಜಾಲಿ ಮುಳ್ಳಿನ ಕೆಲಸವೇ ಉಳಿಯಲಿಲ್ಲ. ಖಾಲಿ ಗುಣಿಗಳಿಗೆ ಹೊಸ ಸಸಿ ಇಟ್ಟೆ. ನಾನು ಮುಯ್ಯಿಗೆ ಹೋಗುತ್ತಲೇ ಇದ್ದೆ, ಅವನೂ ಬರುತ್ತಲೇ ಇದ್ದ.

ಎಂಟನೇ ವರ್ಷ ಮೊದಲ ಗೊನೆಯಿಂದ ಎಳನೀರು ಇಳಿಸಿ, ಕೆತ್ತಿ, ಬದುವಿನ ಮೇಲೆ ಕೂತಿದ್ದ ಅವನ ಕೈಗೆ ಕೊಟ್ಟೆ. ಹಲ್ಲೆಲ್ಲ ಗಟ್ಟಿಯಾಗೇ ಇದ್ದವು. ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡ.

"ವಸಿ ಒಗರು ಕಣ್ಲಾ. ಸರಿಯಾಗಿ ಗೊತ್ತಾಗ್ಲಿಲ್ಲ. ಇನ್ನೊಂದು ಕೆತ್ತು."

ಅದರ ಮರು ವರ್ಷ ತೋಟದ ಸಾಲುಗಳ ನಡುವೆ ಉಳಲು ಬಾಡಿಗೆ ಟ್ರ್ಯಾಕ್ಟರ್ ಕರೆಸಿದ್ದೆ. ಡ್ರೈವರ್ ಹೊಸಬ, ತುರುವೇಕೆರೆ ಕಡೆಯವನು. ಎರಡು ಕತ್ತಾಳೆ ಬೇಲಿಯ ನಡುವಿನ ಓಣಿ ನೋಡಿ, "ಇಷ್ಟು ಜಾಗ ಯಾಕ್ರಣ್ಣ ಬೀಳು ಬುಟ್ಟಿದ್ದೀರಿ? ಒಂದು ಸುತ್ತು ಹೊಡೆದ್ಬುಡ್ಲಾ?" ಎಂದ.

"ಇರ್ಲಿ ಬುಡು" ಎಂಬ ಮಾತು ಬಾಯಿಗೆ ಬಂದಿತ್ತು. ಅಪ್ಪ ಅಷ್ಟಕ್ಕೇ ನಿಲ್ಲಿಸುತ್ತಿದ್ದ. ನಾನು ಎಂಜಿನ್ ಆಫ್ ಮಾಡಿಸಿದೆ. ಅವನನ್ನು ಇಳಿಸಿ, ಓಣಿಯ ಬಾಯಿಗೆ ಕರೆದುಕೊಂಡು ಹೋಗಿ, ಬೆಳಗಿನ ಹೆಜ್ಜೆ ತೋರಿಸಿ, ಮೊದಲಿನಿಂದ ಹೇಳತೊಡಗಿದೆ.