ಮೊಳಕಾಲಿಗೆ ಸುಮ್ಮನೆ ಬಿದ್ದ ಪಟ್ಟಿ

ನಮ್ಮೂರು ಕುಲಗೋಡದಲ್ಲಿ ಆಗ ಹೆಂಗಸರ ಆ ಬೇನೆಗೆ ಜಾರುವುದು ಎನ್ನುತ್ತಿದ್ದರು. ಗರ್ಭಕೋಶ ತನ್ನ ಜಾಗ ಬಿಟ್ಟು ಕೆಳಗಿಳಿದು ಹೊರಗೆ ಇಣುಕುವುದು. ಹೀಗೆ ಬಿಡಿಸಿ ಹೇಳಿದರೆ ನನ್ನ ಸೊಸೆಯಂದಿರು ಈಗಲೂ ಮುಖ ಆ ಕಡೆ ತಿರುಗಿಸುತ್ತಾರೆ. ತಿರುಗಿಸಲಿ. ಆಗ ನಾನೂ ತಿರುಗಿಸುತ್ತಿದ್ದೆ, ಅದರಿಂದ ನನ್ನ ಮೊಳಕಾಲಿಗೆ ಸುಮ್ಮನೆ ಪಟ್ಟಿ ಬಿತ್ತು.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ನಾಲ್ಕನೆಯ ಹೆರಿಗೆಯಾಗಿ ಹದಿನಾರನೆಯ ದಿನಕ್ಕೆ ಬಾವಿ ಕಟ್ಟೆಯ ಮೇಲಿಂದ ತುಂಬಿದ ಕೊಡ ಎತ್ತಿದೆ. ಕೊಡ ಮೇಲೆ ಬಂತು, ನನ್ನದು ಕೆಳಗೆ ಹೋಯಿತು. ಅಂದಿನಿಂದ ಕುಕ್ಕರಗಾಲಲ್ಲಿ ಕೂಡಲಾಗದು, ಕೆಮ್ಮಲಾಗದು, ಸೀನು ಬಂದರೆ ಸೀರೆ ಒದ್ದೆ. ಆದರೂ ದಿನಕ್ಕೆ ಹನ್ನೆರಡು ಕೊಡ ನೀರು ತಪ್ಪಲಿಲ್ಲ. ಏಳನೆಯ ಕೊಡಕ್ಕೆ ನಾನು ಕುಳಿತುಬಿಟ್ಟರೆ ಅತ್ತೆ ಓಣಿಗೆಲ್ಲ ಕೇಳುವಂತೆ, "ನಮ್ಮ ಸೊಸಿ ಮಹಾರಾಣಿ ಆಗ್ಯಾಳ್ರಿ" ಎನ್ನುತ್ತಿದ್ದರು. ಹೀಗೇ ಹೊರುತ್ತಿದ್ದರೆ ಪೂರಾ ಹೊರಗೆ ಬಂದು ಹಾಸಿಗೆ ಹಿಡಿಯುತ್ತೇನೆಂಬ ಹೆದರಿಕೆ ನನಗೆ.

ಮನೆಯವರಿಗೆ, ಎಂದರೆ ನನ್ನ ಗಂಡನಿಗೆ, ಮೈಯಲ್ಲಿ ಸರಿಯಿಲ್ಲ ಎಂದಷ್ಟೇ ಹೇಳಿದೆ. ಗೋಕಾಕದ ದವಾಖಾನೆಗೆ ಹೋಗಲು ಎತ್ತಿನ ಚಕ್ಕಡಿ ಹೂಡಿದರು. ಒಂದೊಂದು ಕುಣಿ ಬಂದಾಗಲೂ ಒಂದೊಂದು ದೇವರನ್ನು ನೆನೆದೆ. ಗೋಕಾಕ ಬರುವಷ್ಟರಲ್ಲಿ ದೇವರೆಲ್ಲ ಮುಗಿದು ಎರಡನೆಯ ಸುತ್ತು ನಡೆದಿತ್ತು.

ಅಲ್ಲಿದ್ದ ಹೆಣ್ಣು ಡಾಕ್ಟರು, ಎಲ್ಲರ ಬಾಯಲ್ಲಿ ಡಾಕ್ಟರ್ ಬಾಯಿ, ಕೊಲ್ಹಾಪುರದ ಕಡೆಯವರು, ಕನ್ನಡವನ್ನು ಪುಸ್ತಕ ಓದಿ ಕಲಿತವರು.

"ಏನು ಆಯಿತು?"

ಮನೆಯವರು ಬಾಗಿಲಲ್ಲೇ ನಿಂತಿದ್ದರು. ನಾನು ಸಣ್ಣ ದನಿಯಲ್ಲಿ, "ಜಾರೈತ್ರಿ ಬಾಯಾರ" ಎಂದೆ.

"ಎಲ್ಲಿ ಜಾರಿತು?"

"ಬಾವಿ ಕಟ್ಟಿ ಮ್ಯಾಲ್ರಿ."

"ಮುಂದೆ ಬಿದ್ದಿರೋ, ಹಿಂದೆ ಬಿದ್ದಿರೋ?"

"ಕೆಳಗ್ರಿ."

"ಎಲ್ಲರೂ ಕೆಳಗೇ ಬೀಳುತ್ತಾರೆ" ಎಂದು ಸೀರೆಯನ್ನು ಮೊಳಕಾಲತನಕ ಸರಿಸಿದರು. ಅಲ್ಲೊಂದು ಹಳೆಯ ತರಚು ಸಿಕ್ಕಿತು. ಟಿಂಚರ್ ಹಚ್ಚಿ, ದಪ್ಪ ಪಟ್ಟಿ ಸುತ್ತಿ, ಎಂಟು ದಿನ ಬಿಟ್ಟು ಬನ್ನಿ ಎಂದರು. ಬಾಗಿಲಲ್ಲಿ ಗಂಡಸು ನಿಂತಿರುವಾಗ ಬಿಡಿಸಿ ಹೇಳುವುದು ಹೇಗೆ? ಪಟ್ಟಿ ಹೊತ್ತುಕೊಂಡೇ ಚಕ್ಕಡಿ ಹತ್ತಿದೆ.

ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪಟ್ಟಿ ನೋಡಿ, "ನೀರ್ ತರೂ ಕಾಲಿಗೇ ಬೇನಿ ಬಂತೇನ?" ಎಂದರು.

ನನಗೆ ತಡೆಯಲಿಲ್ಲ. "ಕಾಲಿಗಲ್ರಿ ಅತ್ತಿ. ಒಳಗಿಂದು ಜಾರೈತಿ!"

ಅತ್ತೆಯ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು. ಮೆಲ್ಲಗೆ ಕೇಳಿದರು, "ಎಷ್ಟ ಹೊರಗ ಬಂದೈತಿ?"

"ನಿಂಬಿಹಣ್ಣಿನಷ್ಟರಿ."

"ಇಷ್ಟನ? ನಂದು ಬದನಿಕಾಯಿನಷ್ಟ ಐತಿ. ಹದಿನೆಂಟ ವರ್ಷಾತು."

ದನಿಯಲ್ಲಿ ಗತ್ತಿತ್ತು. ಅದರಲ್ಲೂ ನಾನೇ ಸೋತೆ.

ಎಂಟನೆಯ ದಿನ ಅತ್ತೆಯೂ ಚಕ್ಕಡಿ ಹತ್ತಿದರು. ದವಾಖಾನೆಯಲ್ಲಿ ಮಗನನ್ನು ಹೊರಗೆ ನೂಕಿ ಬಾಗಿಲು ಹಾಕಿದರು. "ಬಾಯಾರ, ಈಕಿ ಬಿದ್ದಿಲ್ರಿ. ಈಕಿ ಒಳಗಿಂದು ಬಿದ್ದೈತಿ. ನಂದೂ ಬಿದ್ದೈತಿ. ಮೊಳಕಾಲ ಬಿಟ್ಟು ಮ್ಯಾಲ ನೋಡ್ರಿ."

ಡಾಕ್ಟರ್ ಬಾಯಿ ನನ್ನ ಪಟ್ಟಿಯನ್ನೊಮ್ಮೆ ನೋಡಿದರು, ಮುಖ ಕೆಂಪಾಯಿತು. ಆಮೇಲೆ ಮೂವರೂ ನಕ್ಕೆವು. ನಗು ಬಂದರೆ ನಮಗಿಬ್ಬರಿಗೆ ಏನಾಗುತ್ತದೆಂಬುದು ಅವರಿಗೆ ಅಲ್ಲೇ ತಿಳಿಯಿತು. ಬೇರೆ ಪರೀಕ್ಷೆ ಅಷ್ಟೇನೂ ಬೇಕಾಗಲಿಲ್ಲ. ಇಳಿದದ್ದನ್ನು ಮೇಲೆ ಸರಿಸಿ, ಆಸರೆಗೆ ಒಳಗೊಂದು ರಬ್ಬರಿನ ಬಳೆ ಕೂಡಿಸಿದರು, ಅತ್ತೆಗೆ ದೊಡ್ಡದು, ನನಗೆ ಸಣ್ಣದು. ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು.

ಆಮೇಲೆ ಮನೆಯವರನ್ನು ಒಳಗೆ ಕರೆದು ಹೇಳಿದರು, "ಇನ್ನು ಇವರಿಬ್ಬರೂ ತುಂಬಿದ ಕೊಡ ಎತ್ತಕೂಡದು."

"ಮತ್ತ ನೀರ್ರಿ?"

"ನಿಮಗೆ ಜಾರುವಂಥದು ಏನೂ ಇಲ್ಲ. ನೀವು ತನ್ನಿ."

ಮರುದಿನ ಮುಂಜಾನೆ ಮನೆಯವರು ಹೆಗಲ ಮೇಲೆ ಕೊಡ ಹೊತ್ತು ಬಂದರು. ನೀರು ಅರ್ಧ ಕೊಡದಲ್ಲಿ, ಅರ್ಧ ಅಂಗಿಯ ಮೇಲೆ. ಎದುರು ಮನೆಯ ಮುದುಕ ನೋಡಿ, "ಯಾಕೋ ತಮ್ಮಾ, ಮನ್ಯಾಗ ಹೆಂಗಸರಿಲ್ಲೇನ?" ಎಂದ.

ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು, "ಇಬ್ರ ಅದೀವೋ. ಇಬ್ರೂ ಜಾರೇವಿ!"

"ಅಯ್ಯ, ಬಾವಿ ಕಟ್ಟಿ ಮ್ಯಾಲೇನ?"

"ಈಕಿ ಅಲ್ಲೇ."

ಪಾಪ, ಮುದುಕ ನಾವು ಕಾಲು ಜಾರಿ ಬಿದ್ದೆವೆಂದೇ ತಿಳಿದ. ಮಧ್ಯಾಹ್ನಕ್ಕೆ ಹೊಳೆಯಿಂದ ಒಂದು ಬುಟ್ಟಿ ಉಸುಕು ತಂದು ಇನ್ನಾರೂ ಜಾರಬಾರದೆಂದು ಬಾವಿ ಕಟ್ಟೆಗೆಲ್ಲ ಹರವಿದ. ಆ ದಿನದ ಹನ್ನೆರಡನೆಯ ಕೊಡವನ್ನು ಮನೆಯವರು ಆ ಉಸುಕಿನ ಮೇಲೆ ಕಾಲೂರಿಯೇ ಎತ್ತಿದರು.